ಪಿಕಪ್ ಗಾಡಿ ನಿಜಕ್ಕೂ ಲೀಟರ್‌ಗೆ ಎಷ್ಟು ಕೊಡುತ್ತದೆ? ನೀವೇ ಅಳೆಯುವುದು ಹೀಗೆ

ಕೋಲಾರದ ಎಪಿಎಂಸಿಯಲ್ಲಿ ಹರಾಜು ಮುಗಿದು ಟೊಮೆಟೊ ಲೋಡ್ ಆಗುವ ಹೊತ್ತು. ಇಬ್ಬರು ಡ್ರೈವರ್‌ಗಳು ಎದುರಾದರೆ ಮೊದಲ ಮಾತು ಬಾಡಿಗೆ, ಎರಡನೇ ಮಾತು ಮೈಲೇಜ್. ‘ನಿಂದು ಎಷ್ಟು ಕೊಡುತ್ತೆ?’ ‘ಹದಿನಾಲ್ಕು.’ ‘ನಂದು ಹನ್ನೊಂದು ದಾಟಲ್ಲ.’ ಗಾಡಿ ಇಬ್ಬರದೂ ಒಂದೇ ಮಾಡೆಲ್. ಸುಳ್ಳು ಯಾರೂ ಹೇಳುತ್ತಿಲ್ಲ. ಒಬ್ಬರು ಖಾಲಿ ಗಾಡಿಯಲ್ಲಿ ನೋಡಿದ್ದಾರೆ, ಇನ್ನೊಬ್ಬರು ಲೋಡ್ ಹಾಕಿ ನೋಡಿದ್ದಾರೆ, ಅಷ್ಟೇ.

ಆದರೆ ಬಾಡಿಗೆ ಮಾತಾಡುವಾಗ ಈ ವ್ಯತ್ಯಾಸ ಜೇಬಿಗೆ ಬರುತ್ತದೆ. ಚೆನ್ನೈಗೆ ಹೋಗಿ ಬರಲು 540 ಕಿ.ಮೀ. ಅಂತ ಇಟ್ಟುಕೊಳ್ಳಿ. 14ರ ಲೆಕ್ಕದಲ್ಲಿ ಬಾಡಿಗೆ ಒಪ್ಪಿಕೊಂಡು ಗಾಡಿ ನಿಜಕ್ಕೂ 12 ಕೊಟ್ಟರೆ, ಒಂದೇ ಟ್ರಿಪ್‌ಗೆ ಆರು ಲೀಟರಿಗೂ ಜಾಸ್ತಿ ಡೀಸೆಲ್ ನಿಮ್ಮ ಕೈಯಿಂದ ಹೋಯಿತು. ಅದಕ್ಕೇ ಹೇಳುವುದು, ಇನ್ನೊಬ್ಬರ ಮೈಲೇಜ್ ನಂಬಬೇಡಿ. ಕಂಪನಿ ಹೇಳುವ ಅಂಕಿಯೂ ನಿಮ್ಮ ರಸ್ತೆಯದ್ದಲ್ಲ. ಅದು ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಚಕ್ರ ತಿರುಗಿಸಿ ತೆಗೆದ ಲೆಕ್ಕ. ಅಲ್ಲಿ ಹಂಪ್ ಇಲ್ಲ, ಎದುರುಗಾಳಿ ಇಲ್ಲ, ಟಾರ್ಪಾಲು ಪಟಪಟ ಬಡಿಯುವುದೂ ಇಲ್ಲ.

ಮೊದಲು ಟ್ಯಾಂಕ್ ತುಂಬಿಸುವುದನ್ನು ಸರಿ ಮಾಡಿಕೊಳ್ಳಿ

ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆಯುವುದು ಎಲ್ಲರಿಗೂ ಗೊತ್ತು. ಎಡವುವುದು ‘ಫುಲ್’ ಅನ್ನುವಲ್ಲೇ. ಬಂಕಿನಲ್ಲಿ ನಾಝಲ್ ‘ಟಕ್’ ಅಂತ ಕಟ್ ಆದ ಕೂಡಲೇ ಟ್ಯಾಂಕಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಮೇಲೆ ಕಾಣುವುದು ಡೀಸೆಲ್ ಅಲ್ಲ, ನೊರೆ. ಹಾಲು ಉಕ್ಕಿದ ಹಾಗೆ ಗುಳ್ಳೆ ಗುಳ್ಳೆಯಾಗಿ ನಿಂತಿರುತ್ತದೆ. ಎರಡು ನಿಮಿಷ ಬಿಟ್ಟರೆ ನೊರೆ ಒಡೆದು ಮಟ್ಟ ಕೆಳಗಿಳಿಯುತ್ತದೆ. ಒಂದು ಸಲ ನೊರೆಗೇ ನಿಲ್ಲಿಸಿ, ಇನ್ನೊಂದು ಸಲ ಕಾದು ತುಂಬಿಸಿದರೆ ಒಂದು ಲೀಟರ್ ಹೆಚ್ಚುಕಮ್ಮಿ ಆಗಿಬಿಡಬಹುದು. 200 ಕಿ.ಮೀ.ಗೆ 15 ಲೀಟರ್ ಅಂದರೆ 13.3 ಮೈಲೇಜ್, 16 ಅಂದರೆ 12.5. ಗಾಡಿ ಅದೇ, ರಸ್ತೆ ಅದೇ, ಬದಲಾಗಿದ್ದು ನೊರೆ ಮಾತ್ರ.

ಆದ್ದರಿಂದ ಮೊದಲ ಕಟ್ ಆದ ಮೇಲೆ ಎರಡು ನಿಮಿಷ ಕಾಯಿರಿ. ಆಮೇಲೆ ನಿಧಾನಕ್ಕೆ ಹಾಕಿಸಿ, ಎರಡನೇ ಕಟ್‌ಗೆ ನಿಲ್ಲಿಸಿ. ಬಾಯಿವರೆಗೂ ತುಂಬಿಸಬೇಡಿ, ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. ಆದಷ್ಟು ಅದೇ ಬಂಕ್, ಅದೇ ಪಂಪ್, ಗಾಡಿ ಸಮತಟ್ಟಾಗಿ ನಿಲ್ಲುವ ಅದೇ ಜಾಗ ಇರಲಿ. ಚೆನ್ನೈ ಕಡೆ ಹೋಗುವವರಿಗೆ ಇದು ಕಷ್ಟವಲ್ಲ. ಆಂಧ್ರದಲ್ಲಿ ಡೀಸೆಲ್ ದರ ಜಾಸ್ತಿ, ಗಡಿ ದಾಟುವ ಮುಂಚೆ ನಂಗಲಿ ಕಡೆಯೇ ಹಾಕಿಸಿಕೊಳ್ಳುವುದು ಹೇಗೂ ಲಾಭ. ಬಂಕಿನ ಅಳತೆ ಮೇಲೆ ಅನುಮಾನ ಇದ್ದರೆ ಮುದ್ರೆ ಇರುವ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. 5 ಲೀಟರ್‌ಗೆ 25 ಮಿ.ಲೀ. ವ್ಯತ್ಯಾಸದವರೆಗೆ ಮಾತ್ರ ವಿನಾಯಿತಿ ಇದೆ.

ಈಗ ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಡಿ.

ನೋಟ್‌ಬುಕ್ ಇಡಿ

ಸನ್ ವೈಸರ್‌ಗೆ ಸಿಗಿಸುವಂಥ ಸಣ್ಣ ಪುಸ್ತಕ ಸಾಕು. ಪೆನ್ನನ್ನು ದಾರದಲ್ಲಿ ಕಟ್ಟಿ, ಇಲ್ಲದಿದ್ದರೆ ಮೂರನೇ ದಿನ ಕಾಣೆಯಾಗುತ್ತದೆ. ಮೀಟರ್ ರೀಡಿಂಗ್, ಲೀಟರ್, ಎಷ್ಟು ಬಾಕ್ಸ್, ಯಾವ ರೂಟ್, ಇಷ್ಟೇ ಬರೆಯಿರಿ. 15 ಕೆ.ಜಿ.ಯ ಟೊಮೆಟೊ ಬಾಕ್ಸ್ ನೂರು ಹಾಕಿದರೆ ಹಣ್ಣೇ ಒಂದೂವರೆ ಟನ್, ಕ್ರೇಟಿನ ತೂಕ ಬೇರೆ. ಹಾಗಾಗಿ ಬಾಕ್ಸ್ ಲೆಕ್ಕ ಇಲ್ಲದ ಮೈಲೇಜ್ ಅರ್ಧ ಮಾಹಿತಿ ಮಾತ್ರ.

ಒಂದು ಟ್ಯಾಂಕ್ ನೋಡಿ ತೀರ್ಮಾನಕ್ಕೆ ಬರಬೇಡಿ. ಐದು ಟ್ಯಾಂಕ್ ಆಗಲಿ. ಐದರ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಐದು ಮೈಲೇಜ್ ಕೂಡಿಸಿ ಐದರಿಂದ ಭಾಗಿಸಿದರೆ ಲೆಕ್ಕ ತಪ್ಪುತ್ತದೆ.

ಹೋಗಿ ಬಂದರೇ ಒಂದು ಲೆಕ್ಕ

ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಚೆನ್ನೈ ಸಮುದ್ರದ ಪಕ್ಕ. ಮೂರು ಟನ್ ತೂಗುವ ಲೋಡ್ ಗಾಡಿಯನ್ನು ಅಷ್ಟು ಎತ್ತರ ಹತ್ತಿಸಲು ಹೆಚ್ಚುಕಡಿಮೆ ಎರಡು ಲೀಟರ್ ಡೀಸೆಲ್ ಬೇಕು. ಹೋಗುವಾಗ ಅದರಲ್ಲಿ ಸ್ವಲ್ಪ ಭಾಗ ಇಳಿಜಾರು ನಿಮಗೆ ಪುಕ್ಕಟೆ ಕೊಡುತ್ತದೆ, ಬರುವಾಗ ಖಾಲಿ ಗಾಡಿಯೂ ಏರು ಹತ್ತಬೇಕು. ಹೋಗುವಾಗಿನ ಅಂಕಿ ನೋಡಿ ಖುಷಿಪಟ್ಟರೆ ಮೋಸ ಹೋದಂತೆ. ಸಕಲೇಶಪುರದಿಂದ ಶಿರಾಡಿ ಘಾಟ್ ಇಳಿಯುವವರಿಗೂ ಇದೇ ಮಾತು.

ಇಳಿಜಾರಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಚೆನ್ನೈ ದಾರಿಯ ಮೊಗಿಲಿ ಘಾಟ್‌ನಲ್ಲಿ ನ್ಯೂಟ್ರಲ್ ಹಾಕಿ ಗಾಡಿ ಬಿಡುವವರನ್ನು ಕಂಡರೆ ಎದೆ ಝಲ್ ಅನ್ನುತ್ತದೆ. ದಯವಿಟ್ಟು ಬೇಡ. ಈಗಿನ ಎಲೆಕ್ಟ್ರಾನಿಕ್ ಎಂಜಿನ್‌ನಲ್ಲಿ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲೆಂದು ಡೀಸೆಲ್ ಹೋಗುತ್ತಲೇ ಇರುತ್ತದೆ. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ ಹಿಡಿತವೂ ಇಲ್ಲ, ಬ್ರೇಕ್ ಕಾಯುವುದು ಬೇರೆ.

ಮೀಟರ್ ಕೂಡ ತಪ್ಪು ಹೇಳುತ್ತದೆ

ಟೈರ್ ಸವೆದರೆ ಚಕ್ರ ಚಿಕ್ಕದಾಗುತ್ತದೆ, ಅದೇ ದೂರಕ್ಕೆ ಜಾಸ್ತಿ ಸುತ್ತುತ್ತದೆ. ಮೀಟರಿನಲ್ಲಿ ಕಿಲೋಮೀಟರ್ ಜಾಸ್ತಿ ಬೀಳುತ್ತದೆ. ಹೊಸ ಟೈರ್ ಹಾಕಿದ ಮೇಲೆ ‘ಮೈಲೇಜ್ ಬಿತ್ತು’ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿಕೊಂಡು 20 ಕಿ.ಮೀ. ಓಡಿಸಿ, ಮೀಟರ್ ಎಷ್ಟು ತೋರಿಸಿತು ಅಂತ ಹೋಲಿಸಿ.

ಅಂಕಿ ಸಿಕ್ಕಿತು, ಮುಂದೆ?

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಉಳಿಯಿತು ಅಂತ ಗೊತ್ತಾಗುವುದಿಲ್ಲ. ನನ್ನ ಕೇಳಿದರೆ ಮೊದಲು ವೇಗ. 60ರಿಂದ 80ಕ್ಕೆ ಹೋದರೆ ಗಾಳಿಯ ತಡೆ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಕ್ಯಾಬಿನ್‌ಗಿಂತ ಎತ್ತರಕ್ಕೆ ಪೇರಿಸಿದ ಲೋಡ್, ಸಡಿಲ ಟಾರ್ಪಾಲು ಇದ್ದರೆ ಇನ್ನೂ ಕಷ್ಟ. ಆಮೇಲೆ ಹವಾ. ಟೈರ್ ತಣ್ಣಗಿರುವಾಗ, ಲೋಡ್‌ಗೆ ತಕ್ಕಷ್ಟು ಹಾಕಿಸಿ. ಮಾರುಕಟ್ಟೆ ಸಾಲಿನಲ್ಲಿ ಸುಮ್ನೆ ಎಂಜಿನ್ ಆನ್ ಇಡಬೇಡಿ.

ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಬಿಎಸ್6 ಗಾಡಿಯಾದರೆ ಇನ್ನೊಂದು ವಿಷಯ. ಫಿಲ್ಟರಿನಲ್ಲಿ ಸೇರಿದ ಮಸಿಯನ್ನು ಸುಡಲು ಗಾಡಿ ಆಗಾಗ ಹೆಚ್ಚು ಡೀಸೆಲ್ ಬಳಸುತ್ತದೆ. ಊರೊಳಗೆ ಸಣ್ಣ ಸಣ್ಣ ಟ್ರಿಪ್ ಮಾತ್ರ ಹೊಡೆಯುವವರಿಗೆ ಮೈಲೇಜ್ ಕಡಿಮೆ ಬರಲು ಇದೂ ಕಾರಣ.

ಅದೇ ರೂಟ್, ಅದೇ ಲೋಡ್, ಆದರೂ ಸತತ ಮೂರು ಟ್ಯಾಂಕ್ ಮೈಲೇಜ್ ಇಳಿದಿದೆಯಾ? ಏರ್ ಫಿಲ್ಟರ್ ತೆಗೆದು ನೋಡಿ. ಅದು ಚೆನ್ನಾಗಿದ್ದರೆ ಖಾಲಿ ರಸ್ತೆಯಲ್ಲಿ ಹತ್ತು ಕಿ.ಮೀ. ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ, ಗಾಡಿ ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಅಂಗೈ ತಂದು ನೋಡಿ, ಮುಟ್ಟಬೇಡಿ. ಒಂದರಲ್ಲಿ ಮಾತ್ರ ಬಿಸಿ ಹೊಡೆಯುತ್ತಿದ್ದರೆ ಆ ಚಕ್ರದ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಮುಂದಿನ ಲೋಡ್ ಹಾಕುವ ಮುಂಚೆ ಮೆಕ್ಯಾನಿಕ್‌ಗೆ ಅದನ್ನೇ ಮೊದಲು ತೋರಿಸಿ.