ಹೊಗೆ ಬಣ್ಣದ ಅಕ್ಷರ: ಅಮೆರಿಕದ ಯುದ್ಧಕವಿತೆ ಓದಿದ ನನ್ನ ಅನುಭವ

ಹೋದ ತಿಂಗಳು ಅಮೆರಿಕದ ಯುದ್ಧಕವಿತೆಯ ಮೇಲಿನ ನನ್ನ ಪಿಎಚ್‌.ಡಿ. ವೈವಾ ಮುಗಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಒಂದೇ ಅಧ್ಯಾಯ ಹಿಡಿದು ಕೂತರು. ಕರಿಕಲ್ಲಿನ ಅಧ್ಯಾಯ, ಅಂದರೆ ಕರಿಕಲ್ಲಿನ ಯುದ್ಧಸ್ಮಾರಕದ ಮೇಲಿನ ಕವಿತೆಯದು. ನಾಲ್ಕು ವರ್ಷದ ಹಿಂದೆ ಇದೇ ಅಧ್ಯಾಯದ ಮೊದಲ ಕರಡು "ಇದು ಸಾಹಿತ್ಯ ಅಲ್ಲ, ಕ್ವಾರಿ ಕೆಲಸ" ಅನ್ನುವ ಷರಾ ಹೊತ್ತು ವಾಪಸ್ ಬಂದಿತ್ತು. ಜೊತೆಯವರೂ ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ "ಹೇಗೆ ಮಾಡಿದೆ, ಸ್ವಲ್ಪ ಹೇಳು ಮಾರಾಯ" ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ವಿಟ್ಮನ್ ಯಾರು, ಜಾರೆಲ್ ಯಾರು ಅಂತೆಲ್ಲ ಶುರುವಿನಿಂದ ಹೇಳಲ್ಲ. ಒಬ್ಬ ಅಮೆರಿಕದ ಅಂತರ್ಯುದ್ಧದ ಕಾಲದ ಕವಿ, ಇನ್ನೊಬ್ಬ ಎರಡನೇ ಮಹಾಯುದ್ಧದ ಕಾಲದವನು, ಅಷ್ಟು ಸಾಕು. ಎಂ.ಎ. ಇಂಗ್ಲಿಷ್ ಮಾಡಿದವರಿಗೆ ಅದು ಗೊತ್ತಿರುತ್ತದೆ.

ಮೊದಲ ಎರಡು ವರ್ಷ ಹಾಳಾದವು. ಎಲ್ಲರ ಹಾಗೆ ನಾನೂ ಟ್ರಾಮಾ ಥಿಯರಿ, ಅಂದರೆ ಮನಸ್ಸಿಗಾದ ಆಘಾತದ ಸಿದ್ಧಾಂತ, ಹಿಡಿದುಕೊಂಡೆ. ಜೆರಾಕ್ಸ್‌ಗೇ ಆರೇಳು ಸಾವಿರ ಹೋಗಿರಬೇಕು. ಅತಿಥಿ ಉಪನ್ಯಾಸಕನ ಸಂಬಳ ಎಷ್ಟು, ಯಾವಾಗ ಬರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಥಿಯರಿಯಿಂದ ಹೊರಟರೆ ಎಲ್ಲ ಕವಿತೆಯೂ ಒಂದೇ ಮಾತು ಹೇಳುತ್ತದೆ: ನೋವಿದೆ, ಅದನ್ನು ಹೇಳಲು ಆಗುತ್ತಿಲ್ಲ. ಅಂತರ್ಯುದ್ಧದ ಕವಿಯೂ ಅದೇ, ವಿಯೆಟ್ನಾಂ ಕವಿಯೂ ಅದೇ. ಆಮೇಲೆ ಅಂತರ್ಯುದ್ಧ ಕಾಲದ ಮೆಲ್ವಿಲ್‌ನಿಂದ ಇರಾಕ್ ಯುದ್ಧದ ಬ್ರಯಾನ್ ಟರ್ನರ್‌ವರೆಗೆ ಅರವತ್ತು ಎಪ್ಪತ್ತು ಕವಿಗಳ ದೊಡ್ಡ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಅದೂ ಉಪಯೋಗಕ್ಕೆ ಬರಲಿಲ್ಲ.

ಕೆಲಸ ಮಾಡಿದ್ದು ಮೂರು ಸಂಗತಿ. ಕವಿತೆಯಲ್ಲಿ ಕೈಗೆ ಸಿಗುವ ಒಂದು ವಸ್ತು ಹುಡುಕುವುದು. ಗಾಯಕ್ಕೂ ಕವಿತೆಗೂ ನಡುವೆ ಎಷ್ಟು ವರ್ಷ ಕಳೆದಿದೆ ಅಂತ ನೋಟ್‌ಬುಕ್ಕಿನಲ್ಲಿ 'ಅಂತರ' ಅನ್ನುವ ಕಾಲಂ ಮಾಡಿ ಬರೆದಿಡುವುದು. ಕವಿತೆಯನ್ನು ನಮ್ಮ ಮನೆಮಾತಿಗೆ ತಂದು, ಬಂದೂಕು ಹಿಡಿದವರ ಮುಂದೆ ಗಟ್ಟಿಯಾಗಿ ಓದುವುದು. ನನ್ನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಇದೆ. ಅದನ್ನು ಮುಂದಿನ ಪುಸ್ತಕಕ್ಕೆ ಇಟ್ಟುಕೊಂಡಿದ್ದೇನೆ, ಇಲ್ಲಿ ಬಿಡುವುದಿಲ್ಲ.

ಜಾರೆಲ್‌ನ ಬಾಲ್ ಟರೆಟ್ ಗನ್ನರ್ ಕವಿತೆಯಿಂದ ಶುರುವಾಯಿತು. 1945ರದ್ದು. ಐದೇ ಸಾಲು, ಐವತ್ತು ಚಿಲ್ಲರೆ ಪದ. ಅದರ ಮೇಲೆ ನಾನು ಇಪ್ಪತ್ತೆರಡು ಪುಟ ಬರೆದಿದ್ದೆ. ಗರ್ಭ, ಪ್ರಭುತ್ವ, ಕನಸು ಎಲ್ಲ ಇತ್ತು, ಟರೆಟ್ ಮಾತ್ರ ಇರಲಿಲ್ಲ. ಬಿ-17, ಬಿ-24 ಬಾಂಬರ್‌ಗಳ ಹೊಟ್ಟೆಯ ಕೆಳಗೆ ಕೂರಿಸುತ್ತಿದ್ದ ಗೋಳ ಅದು. ಹೆಚ್ಚುಕಮ್ಮಿ ನಾಲ್ಕಡಿ ಅಗಲ, ಒಳಗೆ ಎರಡು ಮೆಷಿನ್ ಗನ್, ಅವುಗಳ ನಡುವೆ ಒಬ್ಬ ಮನುಷ್ಯ. ಕ್ಲಾಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕಡಿಯ ವೃತ್ತ ಬರೆದೆ. ಕೊನೆ ಬೆಂಚಿನ ಹುಡುಗನೊಬ್ಬ ತಾನೇ ಬಂದು ಒಳಗೆ ಕೂತ. ಮೊಣಕಾಲು ಎದೆಗೆ ತಾಗಿತು, ತಲೆ ಬಗ್ಗಿತು. ಹೊಟ್ಟೆಯೊಳಗಿನ ಕೂಸು ಹೇಗಿರುತ್ತದೋ ಹಾಗೇ. ತಾಯಿಯ ನಿದ್ದೆಯಿಂದ ಜಾರಿ ಬಿದ್ದೆ ಅನ್ನುವ ಮೊದಲ ಸಾಲಿಗೆ ಆಮೇಲೆ ನಾನು ವಿವರಣೆ ಕೊಡಬೇಕಾಗಲಿಲ್ಲ.

ಕೊನೆ ಸಾಲು ಮಾತ್ರ ಬಗ್ಗಲಿಲ್ಲ. ನಾನು ಮಾಡಿದ್ದ ಅನುವಾದ ಹೀಗಿತ್ತು: "ನಾನು ಸತ್ತ ಮೇಲೆ ನನ್ನ ದೇಹವನ್ನು ಟರೆಟ್ಟಿನಿಂದ ತೆಗೆದು, ಪೈಪಿನ ನೀರಿನಿಂದ ತೊಳೆದರು." ನಮ್ಮೂರಲ್ಲಿ, ಅರಸೀಕೆರೆ ಹತ್ತಿರ, ಒಬ್ಬರು ರಿಟೈರ್ಡ್ ಹವಾಲ್ದಾರ್ ಇದ್ದಾರೆ. ಸಂಜೆ ಅವರ ಮನೆ ಜಗಲಿಯಲ್ಲಿ ಕೂತು ಓದಿದೆ. ಅವರು ಸುಮ್ನೆ ಕೇಳಿದರು. ಎಲೆಡಿಕೆ ಪಕ್ಕಕ್ಕಿಟ್ಟು ಒಂದೇ ಮಾತು ಅಂದರು:

"ದೇಹ ಇದ್ದಿದ್ರೆ ಪೈಪ್ ಯಾಕೆ ಬೇಕಿತ್ತು ಮೇಷ್ಟ್ರೆ?"

ನನಗೆ ಮೈ ಜುಂ ಅಂದಿತು. ಇಂಗ್ಲಿಷ್‌ನಲ್ಲಿ ದೇಹ ಅನ್ನುವ ಪದವೇ ಇಲ್ಲ. 'ನನ್ನನ್ನು' ಅಂತ ಮಾತ್ರ ಇದೆ. ಎತ್ತಿ ಹೊರಗಿಡುವಷ್ಟು ಏನೂ ಉಳಿದಿರಲಿಲ್ಲ. ಎಂಟು ವರ್ಷದಿಂದ ಪಾಠ ಮಾಡುತ್ತಿದ್ದ ಸಾಲು ಅದು, ನಾನೇ ಅದರೊಳಗೆ ಒಂದು ಶವ ತಂದಿಟ್ಟಿದ್ದೆ. ಈಗ "ನಾನು ಸತ್ತೆ. ಪೈಪು ಹಿಡಿದು ನನ್ನನ್ನು ಟರೆಟ್ಟಿನಿಂದ ತೊಳೆದು ಹಾಕಿದರು" ಅಂತ ಮಾಡಿದ್ದೇನೆ. ಇಂಗ್ಲಿಷ್‌ಗೆ 'ಅವರು' ಅನ್ನುವ ಪದ ಬೇಕೇ ಬೇಕು. ಕನ್ನಡದಲ್ಲಿ 'ಹಾಕಿದರು' ಅಂದರೆ ಮುಗಿಯಿತು, ಯಾರು ಅನ್ನುವುದು ಬರೀ ಪ್ರತ್ಯಯದಲ್ಲಿ ಅಡಗಿ ಕೂರುತ್ತದೆ. ಈ ಒಂದು ಜಾಗದಲ್ಲಿ ನಮ್ಮ ಭಾಷೆ ಮೂಲಕ್ಕಿಂತ ಚೆನ್ನಾಗಿ ನಿಂತಿತು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಪರೀಕ್ಷಕರೂ ಒಪ್ಪಿದರು.

"ಜಾರೆಲ್ ಯುದ್ಧಕ್ಕೇ ಹೋಗಿರಲಿಲ್ಲವಲ್ಲ" ಅನ್ನುತ್ತಾರೆ ಕೆಲವರು. ಹೌದು, ಅವನು ಅರಿಝೋನಾದಲ್ಲಿ ವಿಮಾನದಳದ ಹುಡುಗರಿಗೆ ನಕ್ಷತ್ರ ನೋಡಿ ದಾರಿ ಹಿಡಿಯುವುದನ್ನು ಕಲಿಸುತ್ತಿದ್ದ. ಕಲಿತವರು ಹೋದರು, ಎಷ್ಟೋ ಜನ ತಿರುಗಿ ಬರಲಿಲ್ಲ. ಕಳಿಸಿಕೊಟ್ಟವನ ಕವಿತೆ ಅಂತ ಓದಿ ನೋಡಿ, ಬೇರೆಯೇ ಕೇಳಿಸುತ್ತದೆ.

ವಿಟ್ಮನ್‌ಗೆ ದುಡ್ಡು ಖರ್ಚಾಗಲಿಲ್ಲ. ಅವನ ನೋಟ್‌ಬುಕ್ಕುಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಸ್ಕ್ಯಾನ್ ಮಾಡಿ ಬಿಟ್ಟಿಯಾಗಿ ಇಟ್ಟಿದೆ. 1862ರ ಡಿಸೆಂಬರ್‌ನಲ್ಲಿ ಫ್ರೆಡರಿಕ್ಸ್‌ಬರ್ಗ್ ಕದನದಲ್ಲಿ ಗಾಯಗೊಂಡವರ ಪಟ್ಟಿ ಪೇಪರಿನಲ್ಲಿ ಬಂತು. ಅದರಲ್ಲಿ ತಮ್ಮ ಜಾರ್ಜ್‌ನ ಹೆಸರಿನಂಥದೇ ಒಂದು ಹೆಸರು, ತಪ್ಪಾಗಿ ಅಚ್ಚಾಗಿತ್ತು. ಹುಡುಕಿಕೊಂಡು ಹೊರಟ. ತಮ್ಮನಿಗೆ ಸಣ್ಣ ಗಾಯ, ಬದುಕಿದ್ದ. ಆದರೆ ಆಸ್ಪತ್ರೆ ಮಾಡಿಕೊಂಡಿದ್ದ ಮನೆಯ ಮುಂದೆ, ಮರದ ಬುಡದಲ್ಲಿ, ಕತ್ತರಿಸಿ ಹಾಕಿದ ಕೈಕಾಲುಗಳ ರಾಶಿ ಕಂಡಿತು. ಆಮೇಲೆ ವಾಷಿಂಗ್ಟನ್‌ನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಓಡಾಡಿದ. ಕಿತ್ತಳೆ, ತಂಬಾಕು, ಅಂಚೆಚೀಟಿ ಹಂಚಿದ, ಕಾಗದ ಬರೆದುಕೊಟ್ಟ. ನೋಟ್‌ಬುಕ್ಕಿನಲ್ಲಿ ವಾರ್ಡು, ಮಂಚದ ನಂಬರು, ಹೆಸರು, ಏನು ಬೇಕು ಅನ್ನುವುದಿದೆ. ನಮ್ಮ ಕಿರಾಣಿ ಅಂಗಡಿಯ ಚೀಟಿಯ ಹಾಗೆ.

ನನ್ನ 'ಅಂತರ'ದ ಕಾಲಂ ಫಲ ಕೊಟ್ಟಿದ್ದು ಇಲ್ಲೇ. 'ವೂಂಡ್ ಡ್ರೆಸ್ಸರ್' (ಗಾಯಕ್ಕೆ ಪಟ್ಟಿ ಕಟ್ಟುವವನು) ಕವಿತೆಯಲ್ಲಿ ಮಾತಾಡುವವನು ಬೆನ್ನು ಬಾಗಿದ ಮುದುಕ, ಕೇಳುತ್ತಿರುವವರು ಹೊಸ ಕಾಲದ ಎಳೆಯರು. ಆದರೆ ಅದು ಅಚ್ಚಾದ 1865ರಲ್ಲಿ ವಿಟ್ಮನ್‌ಗೆ ನಲವತ್ತಾರು. ಯುದ್ಧ ಆಗತಾನೇ ಮುಗಿದಿದೆ. ಅಂದರೆ ಇಲ್ಲದ ವಯಸ್ಸನ್ನು, ಇಲ್ಲದ ಅಂತರವನ್ನು ಅವನೇ ಹುಟ್ಟಿಸಿಕೊಂಡಿದ್ದಾನೆ. ಅಷ್ಟು ದೂರ ಸರಿದು ನಿಂತರೆ ಮಾತ್ರ ಬ್ಯಾಂಡೇಜು ಬಿಚ್ಚಿ ನೋಡಲು ಆಗುತ್ತಿತ್ತು ಅಂತ ನನಗನ್ನಿಸುತ್ತದೆ.

ಇವನನ್ನು ಲಲಿತ ರಗಳೆಗೆ ಕೂರಿಸಲು ಒಂದು ಬೇಸಿಗೆ ರಜೆ ಪೂರ್ತಿ ಕಳೆದೆ. ಸಾಲು ಚೆನ್ನಾಗಿ ಓಡಿತು, ಗಾಯ ಮಾಯವಾಯಿತು. ಬಿಟ್ಟೆ. ಅದೇ ರಜೆಯಲ್ಲಿ ಮೆಲ್ವಿಲ್‌ನ 'ಶೈಲೋ'ವನ್ನು ಒಂದೇ ಉಸಿರಿಗೆ ಓದಲು ಆಗುತ್ತದಾ ಅಂತಲೂ ನೋಡಿದೆ. ಇಡೀ ಕವಿತೆ ಒಂದೇ ವಾಕ್ಯ, ಹತ್ತೊಂಬತ್ತು ಸಾಲು. ನನ್ನ ಉಸಿರು ಪ್ರತಿ ಸಲವೂ ಗುಂಡಿನ ಮಾತು ಬರುವ ಆಸುಪಾಸಿನಲ್ಲೇ ಮುಗಿಯುತ್ತಿತ್ತು. ಪ್ರಬಂಧದಲ್ಲಿ ಅದನ್ನು ಸೇರಿಸಲು ಬಿಡಲಿಲ್ಲ.

ಇನ್ನು ಕರಿಕಲ್ಲು. ಅಮೆರಿಕದ ಕವಿ ಯೂಸೆಫ್ ಕೊಮುನ್ಯಾಕಾನ 'ಫೇಸಿಂಗ್ ಇಟ್' ಕವಿತೆ. ವಿಯೆಟ್ನಾಂನಿಂದ ಬಂದ ಕಪ್ಪು ಸೈನಿಕ ವಾಷಿಂಗ್ಟನ್‌ನ ಸ್ಮಾರಕದಲ್ಲಿ, ಆ ಯುದ್ಧದಲ್ಲಿ ಸತ್ತವರ ಹೆಸರು ಕೊರೆದ ಗೋಡೆ ಮುಂದೆ ನಿಂತಿದ್ದಾನೆ, ಅವನ ಕರಿ ಮುಖ ಕರಿ ಕಲ್ಲಿನಲ್ಲಿ ಕರಗುತ್ತಿದೆ. ಆ ಕಲ್ಲು ಹೋಗಿದ್ದು ಬೆಂಗಳೂರಿನಿಂದ. ವರ್ಮಾಂಟ್‌ನಲ್ಲಿ ಕತ್ತರಿಸಿದರು, ಮೆಂಫಿಸ್‌ನಲ್ಲಿ ಹೆಸರು ಕೊರೆದರು, 1982ರಲ್ಲಿ ಗೋಡೆ ನಿಂತಿತು. ಇದು ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ. "ಅಮೆರಿಕಕ್ಕೆ ಹೋಗದೆ ಈ ವಿಷಯ ಮಾಡಬೇಡ" ಅಂತ ಹಿಂದೆ ಕೆಲವರು ಅಂದಿದ್ದರು. ಕಲ್ಲು ನೋಡಿದರೆ ನಮ್ಮದೇ. ಬೆಳಿಗ್ಗೆ ಎದ್ದು ಜಿಗಣಿ ಬಸ್ಸು ಹತ್ತಿದೆ.

ಅಲ್ಲಿ ಒಂದು ಗ್ರಾನೈಟ್ ಯಾರ್ಡಿನಲ್ಲಿ ಮೂರು ದಿನ ನಿಂತೆ. ಪಾಲಿಶ್ ಆಗದ ಕಲ್ಲು ಕಪ್ಪಲ್ಲ, ಬೂದಿ. ನೀರು ಹಾಕಿದರೆ ಕಪ್ಪಾಗುತ್ತದೆ, ಒಣಗಿದರೆ ಮತ್ತೆ ಬೂದಿ. ಪಾಲಿಶ್ ಆದ ಮೇಲೆ ಕನ್ನಡಿ. ಮೂರನೇ ದಿನ ಒಬ್ಬ ಹುಡುಗ ಹೊಸ ಮನೆಗೆ ನೇಮ್‌ಪ್ಲೇಟ್ ಕೊರೆಯುತ್ತಿದ್ದ. ಇನ್ನೂ ಚಿನ್ನದ ಬಣ್ಣ ತುಂಬಿರಲಿಲ್ಲ. ನಾನು ಬಗ್ಗಿ ನೋಡಿದೆ. ಕಲ್ಲಿನಲ್ಲಿ ನನ್ನ ಮುಖ ಕಂಡಿತು. ಮುಖದ ಮೇಲೆ, ಕೆನ್ನೆಯಿಂದ ಕೆನ್ನೆಗೆ, ಯಾರದೋ ಮನೆಯ ಹೆಸರು. ಕೊರೆದ ಜಾಗದಲ್ಲಿ ಪಾಲಿಶ್ ಹೋಗಿ ಒಳಗಿನ ಬೂದಿ ಬಣ್ಣ ಎದ್ದಿತ್ತು. ಅಕ್ಷರ ಇದ್ದಲ್ಲಿ ಮುಖ ಇಲ್ಲ.

ಆ ಕವಿತೆಯಲ್ಲಿ 58,022 ಹೆಸರುಗಳ ನಡುವೆ ಅವನು ತನ್ನದೇ ಹೆಸರು ಹುಡುಕುತ್ತಾನೆ, ಹೊಗೆಯಂಥ ಅಕ್ಷರದಲ್ಲಿ. ಆ ಹೊಗೆಯನ್ನು ಫಿರಂಗಿಯ ಹೊಗೆ, ನೆನಪಿನ ಹೊಗೆ ಅಂತ ಓದಿದ ಲೇಖನಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ಮೊದಲು ಕಲ್ಲಿನ ಬಣ್ಣ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾನೆ. ಸತ್ತವರ ಹೆಸರು ಬದುಕಿದವನ ಮುಖವನ್ನು ತಡೆಯುತ್ತದೆ, ಕವಿತೆ ನಡೆಯುವುದೇ ಆ ತಡೆಯಲ್ಲಿ. ಇದೇ ನನ್ನ ಅಧ್ಯಾಯ.

ಒಂದಡಿ ಚೌಕದ ತುಂಡು, ಪಾಲಿಶ್ ಸಮೇತ, ಇನ್ನೂರೈವತ್ತೋ ಮುನ್ನೂರೋ ಕೊಟ್ಟೆ. ಹೆಸರು ಕೊರೆಯಲು ಬೇರೆ ನೂರೈವತ್ತು. ಯಾವ ಹೆಸರು ಕೊರೆಸಿದೆ, ಕ್ಲಾಸಿನಲ್ಲಿ ಅದನ್ನು ಯಾವಾಗ ತೆಗೆದು ತೋರಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಮುಂದಿನ ಬ್ಯಾಚಿನ ಮಕ್ಕಳಿಗೆ ಅದು ಮೊದಲೇ ಗೊತ್ತಾಗಬಾರದು. ಆದರೆ ಕೊಮುನ್ಯಾಕಾನ ಪುಸ್ತಕಕ್ಕೆ ದುಡ್ಡು ಸುರಿಯಬೇಕಾಯಿತು. ಸೆಕೆಂಡ್‌ಹ್ಯಾಂಡ್ ಪ್ರತಿ ಆರುನೂರು ಚಿಲ್ಲರೆ, ತರಿಸುವ ಖರ್ಚು ಎರಡು ಸಾವಿರದ ಹತ್ತಿರ. ಮೊದಲ ಸಲ ತರಿಸಿದ್ದು ಕೈಗೇ ಸೇರಲಿಲ್ಲ. ಎಲ್ಲ ಸೇರಿ ಈ ಆರು ವರ್ಷಕ್ಕೆ ನಲವತ್ತು ಸಾವಿರ ಆಗಿರಬಹುದು. ಹೆಂಡತಿ ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ ಬರುತ್ತದೆ.

ಅವನು ವಿಯೆಟ್ನಾಂನಿಂದ ವಾಪಸ್ ಬಂದದ್ದು 1970ರಲ್ಲಿ, ಪುಸ್ತಕ ಬಂದದ್ದು 1988ರಲ್ಲಿ. ನಡುವೆ ಹದಿನಾಲ್ಕು ವರ್ಷ ಆ ಯುದ್ಧದ ಬಗ್ಗೆ ಕವಿತೆ ಬರೆಯಲೇ ಇಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಮನೆ ರಿಪೇರಿ ಮಾಡುತ್ತಾ ಏಣಿ ಹತ್ತಿ ಇಳಿಯುವಾಗ ಶುರುವಾಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಹವಾಲ್ದಾರರಿಗೆ ಇದನ್ನು ಹೇಳಿದಾಗ "ಹದಿನಾಲ್ಕು ಕಡಿಮೆ ಆಯ್ತು" ಅಂದರು. ಅವರದು ಎಷ್ಟು ಅಂತ ನಾನು ಕೇಳಲಿಲ್ಲ.

ಈಗ ಬ್ರಯಾನ್ ಟರ್ನರ್ ಹಿಡಿದಿದ್ದೇನೆ. ಇರಾಕ್‌ನಲ್ಲಿ ಇದ್ದಾಗಲೇ ಬರೆದುಕೊಂಡವನು, ಪುಸ್ತಕ 2005ರಲ್ಲೇ ಬಂತು. ಅಂತರದ ಕಾಲಂ ಹತ್ತಿರ ಹತ್ತಿರ ಸೊನ್ನೆ. ಎರಡು ಕವಿತೆ ಕನ್ನಡಕ್ಕೆ ಬಂದಿವೆ. ಭಾನುವಾರ ಸಂಜೆ ಜಗಲಿಗೆ ಹೋಗಬೇಕು.