ಸೀರಿಯಾದ (ಸೀರಿಯಮ್ ಆಕ್ಸೈಡಿನ) ಮೇಲಿನ ನಿಕ್ಕಲ್: ರುಥೇನಿಯಂ ಬಿಟ್ಟು ಮೀಥೇನ್ ತೆಗೆದ ನನ್ನ ಅನುಭವ

ಕಾರ್ಬನ್ ಡೈಆಕ್ಸೈಡನ್ನು 300 ಡಿಗ್ರಿಯ ಆಸುಪಾಸಿನಲ್ಲಿ ಹೈಡ್ರೋಜನ್ ಸೇರಿಸಿ ಮೀಥೇನ್ ಆಗಿಸಲು ವೇಗವರ್ಧಕವಾಗಿ ರುಥೇನಿಯಮ್ಮೇ ಬೇಕು, ಅಷ್ಟು ಕಡಿಮೆ ಉಷ್ಣತೆಯಲ್ಲಿ ನಿಕ್ಕಲ್ ಏಳುವುದೇ ಇಲ್ಲ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಲೇ ಇದ್ದರು. ಫ್ರೆಂಚ್ ರಸಾಯನಶಾಸ್ತ್ರಜ್ಞ ಸಬಾಟಿಯೆ ಈ ಕ್ರಿಯೆಯನ್ನು ಮೊದಲು ನಡೆಸಿ ತೋರಿಸಿದ್ದೇ ನಿಕ್ಕಲ್ ಮೇಲೆ ಎಂಬುದು ಅವರಿಗೆ ಮರೆತಂತಿತ್ತು. ಈಗ ನನ್ನ ಮಾದರಿ ಅದೇ ಉಷ್ಣತೆಯಲ್ಲಿ ಶೇಕಡಾ 80ರ ಹತ್ತಿರ ಪರಿವರ್ತನೆ ಕೊಡುತ್ತಿದೆ.

ಮೊದಲು ನಿಕ್ಕಲನ್ನು ಹರಡುವ ಆಧಾರವಾಗಿ ಎಲ್ಲರಂತೆ ಗಾಮಾ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡಿನ ಒಂದು ರೂಪ) ಬಳಸಿದೆ. ಹೆಚ್ಚು ಕಾಯಿಸಿದ ಮಾದರಿಗಳಲ್ಲಿ ನಿಕ್ಕಲಿನ ಬಹುಭಾಗ ಅಲ್ಯೂಮಿನಾದೊಡನೆ ಬೆರೆತು ಸ್ಪಿನೆಲ್ ಎಂಬ ಗಟ್ಟಿ ಮಿಶ್ರ ಆಕ್ಸೈಡ್ ಆಗಿಬಿಡುತ್ತಿತ್ತು; ಅದನ್ನು ಅಪಕರ್ಷಿಸಲು (ಹೈಡ್ರೋಜನ್ನಿನಿಂದ ಮತ್ತೆ ಲೋಹವಾಗಿಸಲು) 700 ಡಿಗ್ರಿ ದಾಟಬೇಕು, ದಾಟಿದರೆ ಲೋಹದ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗುತ್ತವೆ. ಕಡಿಮೆ ಕಾಯಿಸಿದವು ಚೆನ್ನಾಗಿ ಆರಂಭಿಸಿ ಬೇಗನೆ ಸೋತವು. ಕುಲುಮೆ 300 ತೋರಿಸುವಾಗ ವೇಗವರ್ಧಕದ ಹಾಸಿನೊಳಗಿನ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಸುಮಾರು 60–70 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಮೋಲ್‌ಗೆ 165 ಕಿಲೋಜೂಲ್ ಶಾಖ ಹೊಮ್ಮುವ ಕ್ರಿಯೆಗೆ ಇದು ಸಹಜವೇ. ಶಾಖವನ್ನು ಹರಡುವ ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸಿದ ಮೇಲೆ ಆ ಅಂತರ ಬಹಳ ತಗ್ಗಿತು. ಖರ್ಚಿನ ದೊಡ್ಡ ಪಾಲನ್ನು ನುಂಗಿದ್ದು ಹೈಡ್ರೋಜನ್ ಸಿಲಿಂಡರುಗಳು: ಒಂದು ಪಾಲು ಕಾರ್ಬನ್ ಡೈಆಕ್ಸೈಡಿಗೆ ನಾಲ್ಕು ಪಾಲು ಹೈಡ್ರೋಜನ್ ಬೇಕಲ್ಲ!

ಸೀರಿಯಾಕ್ಕೆ ಬಂದಾಗ ಚಿತ್ರವೇ ಬದಲಾಯಿತು. ತೂಕದಲ್ಲಿ ಶೇಕಡಾ ಹತ್ತರಷ್ಟು ನಿಕ್ಕಲ್ ಬರುವಂತೆ ನೈಟ್ರೇಟ್ ದ್ರಾವಣವನ್ನು ಅದಕ್ಕೆ ಹೀರಿಸಿ, 450ರಲ್ಲಿ ಕಾಯಿಸಿ, ಹೆಚ್ಚುಕಡಿಮೆ ಅಷ್ಟೇ ಉಷ್ಣತೆಯಲ್ಲಿ ಅಪಕರ್ಷಿಸಿದರೆ ಸಾಕಾಯಿತು. ಕಣಗಳು ಸಣ್ಣದಾಗಿ ಉಳಿಯುವುದು ಒಣಗಿಸುವ ಹಂತದಲ್ಲಿ ನಿರ್ಧಾರವಾಗುತ್ತದೆ. ಅಲ್ಲಿ ನಾನು ಮಾಡುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ನಡುವೆ ಸ್ವಲ್ಪ ಲ್ಯಾಂಥನಮ್ ಸೇರಿಸಿಯೂ ನೋಡಿದೆ, ಬಾಳಿಕೆ ತುಸು ಹೆಚ್ಚಿತು, ಚಟುವಟಿಕೆ ಹೆಚ್ಚಲಿಲ್ಲ. ಗಂಧಕ ತೆಗೆಯದ ಜೈವಿಕ ಅನಿಲ ಹಾಯಿಸಿದ ಮಾದರಿ ಮಾತ್ರ ಸತ್ತೇಹೋಯಿತು, ಹೈಡ್ರೋಜನ್ನಿನಲ್ಲಿ ಮತ್ತೆ ಕಾಯಿಸಿದರೂ ಏಳಲಿಲ್ಲ.

ಅಂಕಿಗಳನ್ನು ನಂಬದವರಿಗೆ ಒಂದು ಮಾತು. ಐದು ಮೋಲ್ ಅನಿಲ ಮೂರಾಗುವ ಕ್ರಿಯೆ ಇದು. ನೀರು ಸಾಂದ್ರಿಸಿದ ಮೇಲೆ ಹರಿವು ಇನ್ನೂ ಕುಗ್ಗುವುದರಿಂದ ಬರಿಯ ಶೇಕಡಾವಾರಿನಿಂದ ಲೆಕ್ಕ ಹಾಕಿದರೆ ಫಲಿತಾಂಶ ತಪ್ಪುತ್ತದೆ. ನಾನು ಆರಂಭದಿಂದಲೂ ಸಾರಜನಕವನ್ನು ಆಂತರಿಕ ಮಾನಕವಾಗಿ (ಕ್ರಿಯೆಯಲ್ಲಿ ಸೇರದೆ, ಉಳಿದವನ್ನು ಹೋಲಿಸಿ ಅಳೆಯಲು ನೆರವಾಗುವ ಅನಿಲವಾಗಿ) ಬೆರೆಸಿಯೇ ಅಳೆದಿದ್ದೇನೆ.

ಪ್ರಯೋಗ ನಿಲ್ಲಿಸುವಾಗ 200 ಡಿಗ್ರಿಗಿಂತ ಸಾಕಷ್ಟು ಮೇಲಿರುವಾಗಲೇ ಸಾರಜನಕ ಹಾಯಿಸಿ, ಉಪ ಉತ್ಪನ್ನವಾಗಿ ಬರುವ ಕಾರ್ಬನ್ ಮೊನಾಕ್ಸೈಡನ್ನು ಪೂರ್ತಿ ಹೊರದೂಡಬೇಕು. ಇಲ್ಲವಾದರೆ ತಣ್ಣಗಾಗುವ ನಿಕ್ಕಲಿನೊಡನೆ ಅದು ಸೇರಿ, ಅತ್ಯಂತ ವಿಷಕಾರಿಯಾದ ನಿಕ್ಕಲ್ ಕಾರ್ಬೊನಿಲ್ ಉಂಟಾಗುತ್ತದೆ.