‘ಮೂರು ರೂಪಾಯಿ ಬಡ್ಡಿ’ ಎಂದವರಿಗೆ ಹಣ ಕೊಡುವ ಮುನ್ನ

ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಊರವರ ದುಡ್ಡು ಎಣಿಸಿದವನು ನಾನು. ನಿವೃತ್ತನಾದ ಮರುವರ್ಷವೇ ಎರಡು ಲಕ್ಷ ರೂಪಾಯಿಯನ್ನು ಒಂದು ಹೂಡಿಕೆ ಕಂಪನಿಗೆ ಕೊಟ್ಟು ಕೈ ತೊಳೆದುಕೊಂಡೆ. ‘ಅತಿ ಆಸೆ ಗತಿ ಕೇಡು’ ಎಂಬ ಗಾದೆ ನನಗೂ ಗೊತ್ತಿತ್ತು. ಗಾದೆಯಿಂದ ಏನೂ ಆಗಲಿಲ್ಲ. ಲೆಕ್ಕ ಹಾಕಿದ್ದರೆ ಆಗುತ್ತಿತ್ತೇನೋ.

ಮೊದಲು ಪೆನ್ನು ಹಿಡಿಯಿರಿ. ನಮ್ಮ ದಾವಣಗೆರೆಯಲ್ಲಿ ಕೈಬಡ್ಡಿಯನ್ನು ತಿಂಗಳ ಲೆಕ್ಕದಲ್ಲೇ ಹೇಳುತ್ತಾರೆ. ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು. ಕಿವಿಗೆ ಸಣ್ಣದಾಗಿಯೇ ಕೇಳುತ್ತದೆ. ಹನ್ನೆರಡರಿಂದ ಗುಣಿಸಿ: ವರ್ಷಕ್ಕೆ ಶೇ 36. ನಿಮಗೆ ಅಷ್ಟು ಕೊಟ್ಟು, ಏಜೆಂಟರಿಗೆ ಕಮಿಷನ್ ಕೊಟ್ಟು, ಕಚೇರಿ ಬಾಡಿಗೆ ಕಟ್ಟಿ, ತಾನೂ ಉಳಿಸಿಕೊಳ್ಳಬೇಕಾದರೆ ಹಣ ಪಡೆದವನ ವ್ಯಾಪಾರದಲ್ಲಿ ಎಷ್ಟು ಹುಟ್ಟಬೇಕು? ಅಷ್ಟು ಹುಟ್ಟುವ ವ್ಯಾಪಾರವಾದರೆ, ಅದರ ಅರ್ಧಕ್ಕೂ ಕಡಿಮೆ ಬಡ್ಡಿಗೆ ಬ್ಯಾಂಕಿನಲ್ಲಿ ಸಾಲ ಸಿಗುವಾಗ ನಿಮ್ಮ ಮನೆ ಬಾಗಿಲಿಗೆ ಏಕೆ ಬಂದ? ಈ ಗುಣಾಕಾರವನ್ನು ನಾನು ಬೇರೆಯವರಿಗಾಗಿ ಎಷ್ಟೋ ಸಲ ಮಾಡಿಕೊಟ್ಟಿದ್ದೇನೆ. ನನ್ನ ಚೆಕ್ ಬರೆಯುವ ದಿನ ಮಾತ್ರ ಮಾಡಲಿಲ್ಲ.

ಮೊದಲ ಕೆಲವು ತಿಂಗಳ ಬಡ್ಡಿಯನ್ನು ನಂಬಬೇಡಿ. ನನಗೆ ಐದನೇ ತಾರೀಖಿಗೆ ಸರಿಯಾಗಿ 6,000 ರೂಪಾಯಿ ಜಮೆಯಾಯಿತು. ಮೊಬೈಲಿಗೆ ಸಂದೇಶ ಬಂದಾಗ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆ. ಕೈಯ ಎಣ್ಣೆಯನ್ನು ಕಾಗದಕ್ಕೆ ಒರೆಸಿಕೊಂಡು ಮೂರು ಸಲ ಓದಿ, ಪಕ್ಕದಲ್ಲಿದ್ದ ಗೆಳೆಯನಿಗೂ ತೋರಿಸಿದೆ. ಮರುವಾರ ಅವನೂ ಹಣ ಕಟ್ಟಿದ. ಕಂಪನಿಗೆ ಸಂಬಳವಿಲ್ಲದ ಏಜೆಂಟನೊಬ್ಬ ಸಿಕ್ಕಿದ್ದ! ಎಂಟು ತಿಂಗಳಲ್ಲಿ 48,000 ಬಂತು. ಒಂಬತ್ತನೆಯ ತಿಂಗಳು ಕಚೇರಿಗೆ ಬೀಗ. ನಾನು ಬಡ್ಡಿ ಎಂದುಕೊಂಡು ಖರ್ಚು ಮಾಡಿದ್ದು ನನ್ನದೇ ಅಸಲನ್ನು, ಇಲ್ಲವೇ ಗೆಳೆಯನದನ್ನು. 1920ರಲ್ಲಿ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಎಂಬಾತ ಅಂಚೆ ಕೂಪನ್ ವ್ಯಾಪಾರದ ಹೆಸರು ಹೇಳಿ, 45 ದಿನಕ್ಕೆ ಶೇ 50 ಲಾಭವೆಂದು ಹಣ ಎತ್ತಿ, ಹೊಸಬರ ದುಡ್ಡನ್ನು ಹಳಬರಿಗೆ ಹಂಚಿದ್ದ. ನೂರು ವರ್ಷ ಕಳೆದರೂ ಲೆಕ್ಕ ಅದೇ.

ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಮಾಣಪತ್ರಗಳಿಗೆ ಮರುಳಾಗಬೇಡಿ. ಕಂಪನಿ ನೋಂದಣಿಯಾಗಲಿ, ಜಿಎಸ್‌ಟಿ ಸಂಖ್ಯೆಯಾಗಲಿ ಜನರಿಂದ ಠೇವಣಿ ಪಡೆಯಲು ಪರವಾನಗಿಯಲ್ಲ. ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ಹೆಸರು ಹುಡುಕಿ, ಠೇವಣಿ ಪಡೆಯಲು ಅನುಮತಿ ಇದೆಯೇ ಎಂದು ನೋಡಿ. ಅಂಥ ಅನುಮತಿಯಿಲ್ಲದ, ಅಂದರೆ ಅನಿಯಂತ್ರಿತ ಠೇವಣಿ ಯೋಜನೆ ನಡೆಸುವುದು 2019ರ ಕೇಂದ್ರ ಕಾಯ್ದೆಯ ಪ್ರಕಾರ ಅಪರಾಧ. ‘ಈ ಶುಕ್ರವಾರವೇ ಕೊನೆ’ ಎಂದು ಅವಸರಪಡಿಸಿದರೆ ಹದಿನೈದು ದಿನ ಬಿಟ್ಟು ಬರಲು ಹೇಳಿ.

ಇನ್ನು ನಿಮ್ಮ ಮನಸ್ಸಿನ ತಪಾಸಣೆ. ಇದೇ ಕಷ್ಟದ್ದು. ದುರಾಸೆ ತನ್ನ ಹೆಸರು ಹೇಳಿಕೊಂಡು ಒಳಗೆ ಬರುವುದಿಲ್ಲ. ನನ್ನಲ್ಲಿಗೆ ಅದು ಮೊಮ್ಮಗಳ ಓದಿನ ಖರ್ಚು ಎಂಬ ಹೆಸರಿನಲ್ಲಿ ಬಂದಿತ್ತು. ಮೊಮ್ಮಗಳಿಗೆ ಆಗ ಎರಡು ವರ್ಷ. ನಿಜ ಹೇಳಬೇಕೆಂದರೆ, ಅದೇ ಕಂಪನಿಯ ಬಡ್ಡಿಯಲ್ಲಿ ಎದುರು ಮನೆಯವರು ಕಾರು ತಂದಿದ್ದರು, ದಿನಾ ಬೆಳಿಗ್ಗೆ ನಮ್ಮ ಗೇಟಿನ ಎದುರೇ ತೊಳೆಯುತ್ತಿದ್ದರು. ಮನೆಯವರಿಗೆ ಹೇಳದೆ ಕೊಟ್ಟುಬಿಡೋಣ ಎನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ನಾನು ಹೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: “ಅವರು ಎಲ್ಲಿಂದ ತಂದು ಕೊಡುತ್ತಾರೆ ಎಂದು ನೀವು ಕೇಳಲಿಲ್ಲವೇ?”

ಈಗಾಗಲೇ ಸಿಕ್ಕಿಬಿದ್ದಿದ್ದರೆ ನಾಚಿಕೆಯಿಂದ ಸುಮ್ಮನೆ ಕೂರಬೇಡಿ. ರಸೀದಿ, ಬಾಂಡ್, ಪಾಸ್‌ಬುಕ್ ಪುಟ, ಏಜೆಂಟನ ಸಂದೇಶಗಳ ಪ್ರತಿ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ. ಠೇವಣಿದಾರರ ಹಿತ ಕಾಯಲೆಂದೇ ಕರ್ನಾಟಕದಲ್ಲಿ 2004ರ ಕಾಯ್ದೆಯಿದೆ. ಕಂಪನಿಯ ಆಸ್ತಿ ಜಪ್ತಿ ಮಾಡಲು ಅದರಲ್ಲಿ ಅವಕಾಶವಿದೆ. ಹಣ ಬೇಗ ಬರುತ್ತದೆಂದು ಮಾತ್ರ ಕಾಯಬೇಡಿ.

ಗೆಳೆಯನ ದೂರನ್ನೂ ನಾನೇ ಬರೆದುಕೊಟ್ಟೆ. ಸಹಿ ಹಾಕಿ ತೆಗೆದುಕೊಂಡು ಹೋದ. ಮಂಡಕ್ಕಿ ಅಂಗಡಿಗೆ ಅವನು ಈಗ ಬೇರೆ ಹೊತ್ತಿಗೆ ಬರುತ್ತಾನೆ.